ಗೇಟ್ ಬಿಟ್ಟ ಹೊಳೆಯಲ್ಲಿ ಗಾಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಗಾರು ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಡ್ಯಾಂ ಕೆಳಗಿನ ಹೊಳೆಯ ಬಗ್ಗೆಯೇ ಇವೆ. ಹಾಸನ, ಚಿಕ್ಕಮಗಳೂರು ಕಡೆ ಫ್ಲೈ (ಹುಳುವಿನಂತೆ ಕಾಣಲು ಪುಕ್ಕ ದಾರ ಸುತ್ತಿದ ಕೊಕ್ಕೆ) ಹಾಕುವ ರಾಡ್ ಹಿಡಿದ ಹುಡುಗರು ಈಗ ಜಾಸ್ತಿ ಆಗಿದ್ದಾರೆ, ಖುಷಿಯ ವಿಷಯ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಗೊರೂರು ಡ್ಯಾಂ ಹೊರಹರಿವು ದಿನಾ ಪೇಪರಿನಲ್ಲಿ ಬರುತ್ತದೆ. ಎಷ್ಟು ಕ್ಯುಸೆಕ್ ಇದ್ದರೆ ಫ್ಲೈ ಫಿಶಿಂಗ್‌ಗೆ ಒಳ್ಳೆಯದು? ಅಮೆರಿಕದವರ ವಿಡಿಯೊಗಳಲ್ಲಿ ಇಷ್ಟಿದ್ದರೆ ಹೋಗಿ, ಇಷ್ಟಿದ್ದರೆ ಬೇಡ ಅಂತ ಹೇಳಿಬಿಡುತ್ತಾರೆ. ನಮ್ಮ ಹೇಮಾವತಿಗೆ ಅಂಥ ಲೆಕ್ಕ ಇಲ್ವಾ? (ಹಾಸನದ ಓದುಗರು)

ಒಂದು ಸಂಖ್ಯೆ ಹೇಳಿ ಮುಗಿಸಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಅಲ್ಲಿಯವರು ಹೇಳುವ ಸಂಖ್ಯೆ ಆ ಹೊಳೆಗೆ, ಆ ಜಾಗಕ್ಕೆ ಮಾತ್ರ ಸರಿ. ಅಲ್ಲಿ ನದಿಯ ಉದ್ದಕ್ಕೂ ಅಳತೆ ಕೇಂದ್ರಗಳಿವೆ, ಎಷ್ಟೋ ಕಡೆ 15 ನಿಮಿಷಕ್ಕೊಮ್ಮೆ ಅಳತೆ ಸಿಗುತ್ತದೆ, ವರ್ಷಗಟ್ಟಲೆ ಅದೇ ಜಾಗದಲ್ಲಿ ನಿಂತು ಗಾಳ ಹಾಕಿದವರು ಆ ಅಳತೆಗೂ ಮೀನಿಗೂ ತಾಳೆ ಹಾಕಿದ್ದಾರೆ. ನಮಗೆ ಸಿಗುವುದು ಬೆಳಗಿನ ಒಂದು ಅಂಕಿ. ಮಧ್ಯಾಹ್ನ ಗೇಟ್ ಎತ್ತಿದ್ದರೆ ಅದು ಮಾರನೇ ದಿನದ ಪೇಪರಿನಲ್ಲಿ ಬರುತ್ತದೆ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಹೊರಹರಿವು ಅಂದರೆ ಎಲ್ಲವೂ ಹೊಳೆಗೇ ಬಿಟ್ಟ ನೀರು ಅಂತ ಅಲ್ಲ. ಗೊರೂರಿನಿಂದ ನಾಲೆಗಳಿಗೂ ನೀರು ಹೋಗುತ್ತದೆ. ಎಡದಂಡೆ ನಾಲೆಯ ನೀರು ಬಾಗೂರು ನವಿಲೆ ಸುರಂಗ ದಾಟಿ ತುಮಕೂರಿನ ಕಡೆಗೆ ಹರಿಯುತ್ತದೆ, ಅದು ನಿಮ್ಮ ಕಾಲಿಗೆ ತಾಗುವ ನೀರೇ ಅಲ್ಲ. ಹೊರಹರಿವು ಮೂರು ಸಾವಿರ ಅಂತ ಓದಿ ಹೊಳೆ ತುಂಬಿರಬಹುದು ಅಂದುಕೊಂಡು ಹೋದರೆ ಕೆಳಗೆ ಬಂಡೆಗಳು ಒಣಗಿ ನಿಂತಿರಬಹುದು. ಆದ್ದರಿಂದ ‘ನದಿಗೆ’ ಎಷ್ಟು, ‘ನಾಲೆಗೆ’ ಎಷ್ಟು ಅಂತ ಬಿಡಿಸಿ ಕೊಟ್ಟಿರುವ ವರದಿಯನ್ನೇ ಹುಡುಕಿ ಓದಿ.

ಈಗ ಕ್ಯುಸೆಕ್ ಲೆಕ್ಕ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಸಾವಿರ ಕ್ಯುಸೆಕ್ ಅಂದರೆ ಊರಿಗೆ ನೀರು ತರುವ ಆರು ಸಾವಿರ ಲೀಟರಿನ ಟ್ಯಾಂಕರುಗಳು ನಾಲ್ಕೂವರೆಗಿಂತ ಜಾಸ್ತಿ, ಪ್ರತಿ ಸೆಕೆಂಡೂ ನಿಮ್ಮ ಪಕ್ಕದಲ್ಲಿ ಖಾಲಿಯಾದ ಹಾಗೆ. 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಗೊರೂರಿನ ಪೂರ್ಣ ಸಾಮರ್ಥ್ಯ 37.10 ಟಿಎಂಸಿ, ಪೂರ್ಣ ಮಟ್ಟ 2,922 ಅಡಿ. ಮಟ್ಟ 2,920ರ ಆಸುಪಾಸಿಗೆ ಬಂದು ಮೂಡಿಗೆರೆ, ಸಕಲೇಶಪುರದ ಕಡೆ ಇನ್ನೂ ಮಳೆ ಹೊಡೆಯುತ್ತಿದೆ ಅಂದರೆ, ಬರುವ ನೀರನ್ನು ಹಾಗೇ ಕೆಳಗೆ ಬಿಡುವುದು ಬಿಟ್ಟು ಡ್ಯಾಂನವರಿಗೆ ಬೇರೆ ದಾರಿ ಇರುವುದಿಲ್ಲ. ಆ ದಿನಗಳಲ್ಲಿ ಹೊಳೆಗೆ ಹೋಗುವ ಮಾತೇ ಬೇಡ.

ಒಂದೇ ಸಾವಿರ ಕ್ಯುಸೆಕ್ ಎರಡು ಜಾಗದಲ್ಲಿ ಎರಡು ಥರ ಇರುತ್ತದೆ. ಹೊಳೆ 100 ಮೀಟರ್ ಅಗಲ, ಅರ್ಧ ಮೀಟರ್ ಆಳ ಇರುವ ಕಡೆ ಆ ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅದೇ ಆಳದಲ್ಲಿ ಬಂಡೆಗಳ ನಡುವೆ 40 ಮೀಟರಿಗೆ ಕಿರಿದಾದರೆ ವೇಗ 1.4 ಮೀಟರ್. ವೇಗ ಎರಡೂವರೆ ಪಟ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ಎರಡೂವರೆ ಪಟ್ಟಲ್ಲ, ಆರು ಪಟ್ಟು. ಮೊದಲನೇ ಜಾಗದಲ್ಲಿ ಆರಾಮಾಗಿ ನಿಂತವನು ಎರಡನೇ ಜಾಗದಲ್ಲಿ ನಿಲ್ಲಲಾರ. ವೇಗ ನೋಡಲು ಯಂತ್ರ ಬೇಕಿಲ್ಲ. ದಡದಲ್ಲಿ ಹತ್ತು ಮೀಟರ್ ಅಳೆದು ಒಂದು ಒಣ ಎಲೆ ಬಿಡಿ, ಎಷ್ಟು ಸೆಕೆಂಡಿಗೆ ದಾಟುತ್ತದೆ ನೋಡಿ. ಹತ್ತು ಸೆಕೆಂಡಿಗಿಂತ ಬೇಗ ದಾಟಿದರೆ ನೀರಿಗೆ ಇಳಿಯಬೇಡಿ, ದಡದಿಂದಲೇ ಹಾಕಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಇದು: ಡ್ಯಾಂ ಕೆಳಗೆ ನೀರು ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಹೊತ್ತಿನಿಂದ ಒಂದೇ ಸಮ ಇದೆ ಅನ್ನುವುದು ಮುಖ್ಯ. ಎರಡು ಮೂರು ದಿನ ಒಂದೇ ಮಟ್ಟದಲ್ಲಿ ಹರಿದ ಹೊಳೆಯಲ್ಲಿ ಮೀನು ತನ್ನ ಜಾಗ ಹಿಡಿದು ನಿಂತಿರುತ್ತದೆ, ಮೇವು ಯಾವ ಕಡೆಯಿಂದ ಬರುತ್ತದೆ ಅಂತ ಅದಕ್ಕೆ ಗೊತ್ತಿರುತ್ತದೆ. ಬೆಳಿಗ್ಗೆ ಏರಿ ಸಂಜೆ ಇಳಿದು ಮತ್ತೆ ರಾತ್ರಿ ಏರುವ ನೀರಿನಲ್ಲಿ ಮೀನಿಗೆ ಜಾಗ ಬದಲಿಸುವುದೇ ಕೆಲಸ. ನೀರು ಏರತೊಡಗಿದ ಮೊದಲ ಸ್ವಲ್ಪ ಹೊತ್ತು ದಡದ ಹುಳು ಹುಪ್ಪಟೆ ಕೊಚ್ಚಿ ಬರುವುದರಿಂದ ಮೀನು ಚೆನ್ನಾಗಿ ಕಚ್ಚುತ್ತದೆ, ಇದು ನಿಜ, ಆದರೆ ನೀವು ನೀರಿನಲ್ಲಿ ಇರಬಾರದ ಹೊತ್ತೂ ಅದೇ. ನೀರು ನಿಧಾನವಾಗಿ ಇಳಿದು, ಕೆಂಪು ಹೋಗಿ, ಮೊಣಕಾಲು ಆಳದಲ್ಲಿ ನಿಂತರೆ ಪಾದ ಮಸುಕಾಗಿ ಕಾಣುವಷ್ಟು ತಿಳಿಯಾದ ದಿನ ಹೋಗಿ. ಆ ದಿನ ಕ್ಯುಸೆಕ್ ಎಷ್ಟಿತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಜಾಗದ ಲೆಕ್ಕ ಹೀಗೇ ಹುಟ್ಟಬೇಕು.

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ಬಂದರೆ ಬೆಳಕು ಹರಿಯುವ ಮೊದಲೇ ಗಾಳ ಹಿಡಿದು ಹೊಳೆಗೆ ಹೋಗುತ್ತಾನೆ. ಹೊಳೆ ಮಧ್ಯದ ಬಂಡೆ ಮೇಲೆ ನಿಂತಿರುವ ಫೋಟೊ ಕಳಿಸುತ್ತಾನೆ. ಡ್ಯಾಂ ನೀರು ಬಿಟ್ಟರೆ ಗೊತ್ತಾಗುತ್ತೆ ಬಿಡಮ್ಮ ಅನ್ನುತ್ತಾನೆ. ನಿಜವಾಗಿಯೂ ಗೊತ್ತಾಗುತ್ತದಾ? (ಹೊಳೆನರಸೀಪುರದ ಒಬ್ಬ ತಾಯಿ)

ಇಲ್ಲ ಅಮ್ಮ, ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬಂಡೆಗೂ ದಡಕ್ಕೂ ನಡುವಿನ ದಾರಿ ಮುಚ್ಚಿಹೋಗಿರುತ್ತದೆ. ನಿಮ್ಮ ಭಯ ಸರಿಯಾಗಿದೆ. ಈ ಉತ್ತರವನ್ನು ಮಗನಿಗೆ ಓದಿಸಿ.

ತಮ್ಮಾ, ಸಿನಿಮಾದಲ್ಲಿ ತೋರಿಸುವ ಹಾಗೆ ನೀರು ಗೋಡೆಯಾಗಿ ಬರುವುದು ಬಹಳ ಅಪರೂಪ. ಡ್ಯಾಂ ನೀರು ಸದ್ದಿಲ್ಲದೆ ಏರುತ್ತದೆ. ನೀನು ಲೈನ್ ನೋಡುತ್ತಾ ನಿಂತಿರುತ್ತೀಯ, ಬೆನ್ನ ಹಿಂದೆ ನೀನು ದಾಟಿ ಬಂದ ಪಾದ ಮುಳುಗುವಷ್ಟು ನೀರು ಮೊಣಕಾಲಿಗೆ ಬಂದಿರುತ್ತದೆ, ಆಮೇಲೆ ತೊಡೆಗೆ. ಹೊಳೆಯ ಮಧ್ಯ ಸಾಮಾನ್ಯವಾಗಿ ಎತ್ತರದ ಬಂಡೆ ಇರುತ್ತದೆ, ಅದಕ್ಕೂ ದಡಕ್ಕೂ ನಡುವೆ ತಗ್ಗು ಇರುತ್ತದೆ. ನೀರು ಮೊದಲು ತುಂಬುವುದು ಆ ತಗ್ಗನ್ನೇ.

ಸೈರನ್ ಕೇಳಿಸುತ್ತದೆ ಅಂತ ನಂಬಬೇಡ. ಸೈರನ್ ಕೇಳುವುದು ಡ್ಯಾಂ ಹತ್ತಿರದವರಿಗೆ. ಗೊರೂರಿನಲ್ಲಿ ಬಿಟ್ಟ ನೀರು ಹೊಳೆನರಸೀಪುರದ ತನಕ ಬರಲು ಗಂಟೆಗಳೇ ಬೇಕು. ಹೊಳೆ ಒಣಗಿದ್ದಾಗ ಬಿಟ್ಟ ನೀರು ಗುಂಡಿ, ಮಡು ತುಂಬಿಕೊಂಡು ನಿಧಾನ ಬರುತ್ತದೆ. ಮೊದಲೇ ಹರಿಯುತ್ತಿರುವ ಹೊಳೆಗೆ ಇನ್ನಷ್ಟು ಬಿಟ್ಟರೆ ಬೇಗ ಬರುತ್ತದೆ. ಆದ್ದರಿಂದ ನೀನಿರುವ ಜಾಗದಲ್ಲಿ ಆಕಾಶ ಸ್ವಚ್ಛ ಇದ್ದು, ಡ್ಯಾಂನಲ್ಲಿ ಗೇಟ್ ಇಳಿಸಿಯೂ ಆಗಿದ್ದು, ನಿನ್ನ ಹತ್ತಿರ ನೀರು ಇನ್ನೂ ಏರುತ್ತಲೇ ಇರಬಹುದು. ಸೂರ್ಯ ಹುಟ್ಟುವ ಮೊದಲು ನೀನು ನೀರಿಗೆ ಇಳಿದಾಗ ರಾತ್ರಿ ಬಿಟ್ಟ ನೀರು ದಾರಿಯಲ್ಲಿರಬಹುದು. ಕತ್ತಲಲ್ಲಿ ನೀರಿನ ಬಣ್ಣ ಕೂಡ ಕಾಣುವುದಿಲ್ಲ.

ಹೋಗಲೇಬೇಕು ಅಂದರೆ ಹೀಗೆ ಮಾಡು. ಹೊಳೆಗೆ ಬಂದ ತಕ್ಷಣ ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡು. ಪ್ರತಿ ಹತ್ತು ನಿಮಿಷಕ್ಕೆ ಅದನ್ನು ನೋಡು, ಮೀನು ಕಚ್ಚುತ್ತಿದ್ದರೂ ನೋಡು. ಕಡ್ಡಿಯ ಬುಡ ನೀರಿಗೆ ಹೋಯಿತು ಅಂದರೆ ದಡಕ್ಕೆ ಬಾ. ಎಷ್ಟು ಏರುತ್ತದೆ ನೋಡೋಣ ಅಂತ ಕಾಯಬೇಡ. ತಿಳಿಯಾಗಿದ್ದ ನೀರಿಗೆ ಬಣ್ಣ ಬಂತು, ಒಣ ಎಲೆ, ಕಡ್ಡಿ, ನೊರೆ ತೇಲಿ ಬರತೊಡಗಿತು, ಕಲ್ಲುಗಳ ನಡುವೆ ಗಲಗಲ ಅನ್ನುತ್ತಿದ್ದ ಸದ್ದು ದಪ್ಪಗಾಯಿತು ಅಥವಾ ನಿಂತೇ ಹೋಯಿತು, ಇದರಲ್ಲಿ ಒಂದು ಕಂಡರೂ ಸಾಕು, ಎದ್ದು ಬಾ. ಸದ್ದು ನಿಂತರೆ ಒಳ್ಳೆಯದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಕಲ್ಲು ಮುಳುಗಿದ್ದಕ್ಕೇ ಸದ್ದು ನಿಂತಿರುವುದು.

ಮೊಣಕಾಲಿಗಿಂತ ಆಳಕ್ಕೆ ಹೋಗಬೇಡ. ಒಬ್ಬನೇ ಹೋಗಬೇಡ. ಲೈಫ್ ಜಾಕೆಟ್ ಹಾಕಿಕೋ, ಈಜು ಬಂದರೂ ಹಾಕಿಕೋ. ಉದ್ದದ ವೇಡರ್ (ನೀರಿಗಿಳಿಯಲು ಹಾಕುವ, ನೀರು ಒಳಗೆ ಬಾರದ ಉಡುಪು) ಹಾಕುವವರು ಸೊಂಟಕ್ಕೆ ಬೆಲ್ಟ್ ಬಿಗಿಯಲೇಬೇಕು, ಇಲ್ಲದಿದ್ದರೆ ಬಿದ್ದಾಗ ಒಳಗೆ ನೀರು ತುಂಬುತ್ತದೆ. ಹಾಗೂ ಬಿದ್ದರೆ ಹರಿವಿನಲ್ಲಿ ಎದ್ದು ನಿಲ್ಲಲು ಹೋಗಬೇಡ, ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಮೇಲೆ ಒತ್ತಿ ಮುಳುಗಿಸುತ್ತದೆ. ಅಂಗಾತ ಮಲಗು, ಕಾಲು ಮುಂದೆ ಇರಲಿ, ಓರೆಯಾಗಿ ದಡದ ಕಡೆ ಕೈ ಹೊಡಿ. ರಾಡ್ ಬಿಟ್ಟುಬಿಡು.

ಅಮ್ಮ, ನೀವು ಮಾಡಬಹುದಾದದ್ದು ಒಂದಿದೆ. ಎಲ್ಲಿಗೆ ಹೋಗುತ್ತಾನೆ, ಯಾರ ಜೊತೆ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತಾನೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಹೊಳೆ ಮಧ್ಯದ ಫೋಟೊ ಬಂದರೆ ಚೆನ್ನಾಗಿದೆ ಅನ್ನಬೇಡಿ, ದಡಕ್ಕೆ ಹೋಗು ಅನ್ನಿ.

ಪ್ರಶ್ನೆ: ಲಕ್ಕವಳ್ಳಿ ಭದ್ರಾ ಡ್ಯಾಂ ಕೆಳಗೆ ಬೇಸಿಗೆಯಲ್ಲಿ ನೀರು ಗಾಜಿನಂತೆ ತಿಳಿ. ಮೀನು ಕಣ್ಣಿಗೆ ಕಾಣುತ್ತವೆ, ಆದರೆ ಏನು ಹಾಕಿದರೂ ಮೂಸುವುದಿಲ್ಲ. ಐದಾರು ಕಿಲೋಮೀಟರ್ ಕೆಳಗೆ ಹೋದರೆ ಕಚ್ಚುತ್ತವೆ. ಯಾಕೆ? (ತರೀಕೆರೆಯ ಓದುಗರು)

ಒಳ್ಳೆಯ ಗಮನಿಕೆ. ಬೇಸಿಗೆಯಲ್ಲಿ ಜಲಾಶಯದ ಮೇಲಿನ ನೀರು ಬಿಸಿಲಿಗೆ ಕಾಯುತ್ತದೆ, ಹಗುರಾಗಿ ಮೇಲೇ ನಿಲ್ಲುತ್ತದೆ. ತಳದ ನೀರು ತಣ್ಣಗೆ ಕೆಳಗೇ ಉಳಿಯುತ್ತದೆ. ಎರಡೂ ಬೆರೆಯುವುದಿಲ್ಲ. ತಳಕ್ಕೆ ಗಾಳಿ ತಾಗುವುದಿಲ್ಲ, ಅಲ್ಲಿ ಬಿದ್ದ ಎಲೆ ಮರ ಕೊಳೆಯುತ್ತಾ ಇದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಮಳೆಗಾಲದಲ್ಲಿ ಕ್ರಸ್ಟ್ ಗೇಟ್ ಮೇಲಿಂದ ಬರುವ ನೀರು ಬೇರೆ, ಬೇಸಿಗೆಯಲ್ಲಿ ಕೆಳಗಿನ ತೂಬಿನಿಂದ ಬರುವ ನೀರು ಬೇರೆ. ಆಳದ ತೂಬಿನ ನೀರು ತಣ್ಣಗೆ, ಉಸಿರಿಲ್ಲದೆ ಬರುತ್ತದೆ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆಯೂ ಇರುತ್ತದೆ. ಅಂಥ ನೀರಿನಲ್ಲಿ ನಮ್ಮ ಬೆಚ್ಚನೆ ಹೊಳೆಯ ಮೀನು ಮಂಕಾಗಿ ನಿಲ್ಲುತ್ತದೆ, ಕಚ್ಚುವುದಿಲ್ಲ. ಅದೇ ನೀರು ನಾಲ್ಕಾರು ಕಡೆ ಕಲ್ಲಿನ ಮೇಲೆ ಒಡೆದು, ಬಿಸಿಲು ಕುಡಿದು ಕೆಳಗೆ ಹೋಗುವಷ್ಟರಲ್ಲಿ ಗಾಳಿ ಬೆರೆತು ಸರಿಹೋಗಿರುತ್ತದೆ. ನೀವು ಕಂಡದ್ದು ಇದೇ ಇರಬೇಕು.

ತಿಳಿಯಾಗಿರುವುದಕ್ಕೂ ಕಾರಣ ಡ್ಯಾಂ. ಹೂಳೆಲ್ಲ ಜಲಾಶಯದಲ್ಲೇ ಕೂತುಬಿಡುತ್ತದೆ. ಹೂಳಿಲ್ಲದ ನೀರು ಕೆಳಗಿನ ಮರಳು, ಸಣ್ಣ ಕಲ್ಲು ಎತ್ತಿಕೊಂಡು ಹೋಗುತ್ತದೆ, ವರ್ಷ ಕಳೆದಂತೆ ದೊಡ್ಡ ಕಲ್ಲುಗಳು ಮಾತ್ರ ಉಳಿಯುತ್ತವೆ. ಸಣ್ಣ ಕಲ್ಲಿನ ನಡುವೆ ಮೊಟ್ಟೆ ಇಡುವ ಮೀನಿಗೆ ಇದು ದೊಡ್ಡ ನಷ್ಟ. ನೀವು ಮೀನನ್ನು ಕಂಡಿರಿ ಅಂದರೆ ಅದೂ ನಿಮ್ಮನ್ನು ಕಂಡಿದೆ. ಬಗ್ಗಿ ನಡೆಯಿರಿ, ಲೀಡರ್ (ಲೈನಿಗೂ ಫ್ಲೈಗೂ ನಡುವಿನ ಸಣ್ಣ ದಾರ) ಉದ್ದ ಮಾಡಿ, ಅದರ ತುದಿಯ ಟಿಪ್ಪೆಟ್ ತೆಳ್ಳಗೆ ಮಾಡಿ, ಬಿಳಿ ಅಂಗಿ ಬೇಡ.

ನಾಲೆಗೆ ನೀರು ಬಿಡುವ ದಿನಗಳನ್ನು ನೀರಾವರಿ ಸಲಹಾ ಸಮಿತಿ ಸಭೆ ಮಾಡಿ ಪ್ರಕಟಿಸುತ್ತದೆ. ಆ ತಾರೀಕುಗಳನ್ನು ಇಟ್ಟುಕೊಂಡರೆ ನಿಮಗೆ ಉಪಯೋಗ. ಮತ್ತೆ, ಡ್ಯಾಂ ಮೇಲಿನ ಹಿನ್ನೀರಿಗೆ ಹೊಂದಿಕೊಂಡೇ ಭದ್ರಾ ಹುಲಿ ಅಭಯಾರಣ್ಯ ಇದೆ. ಆ ಗಡಿಯೊಳಗೆ ಗಾಳ ಒಯ್ಯಬೇಡಿ.

ಪ್ರಶ್ನೆ: ನಮ್ಮ ತಾತ ರಾಗಿ ಮುದ್ದೆ ಕಟ್ಟಿ ಇಷ್ಟಿಷ್ಟು ದೊಡ್ಡ ಮೀನು ಹಿಡಿಯುತ್ತಿದ್ದರು. ಪುಕ್ಕ ದಾರ ಸುತ್ತಿದ ಕೊಕ್ಕೆಗೆ ನಮ್ಮ ಮೀನು ನಿಜವಾಗಿ ಬರುತ್ತದಾ? ಏನು ಕೊಳ್ಳಬೇಕು? (ಸಕಲೇಶಪುರದ ಓದುಗರು)

ಬರುತ್ತದೆ. ಗೆಂಡೆ ಜಾತಿಯ ಮೀನುಗಳು ನೀರಿನೊಳಗಿನ ಹುಳುವಿನಂತೆ ಕಾಣುವ ನಿಂಫ್ ತೆಗೆದುಕೊಳ್ಳುತ್ತವೆ. ಜಿಲೇಬಿ ಮೀನೂ ತೆಗೆದುಕೊಳ್ಳುತ್ತದೆ. ನಿಂತ ನೀರಿನ ಅಂಚಿನಲ್ಲಿ ಜೊಂಡು ಇರುವ ಕಡೆ ಕೊರವ ಮೀನು ಮೇಲೆ ತೇಲುವ ಕಪ್ಪೆಯಂಥ ಫ್ಲೈಗೆ ನುಗ್ಗುತ್ತದೆ. ಮಹಶೀರ್ ಸಣ್ಣ ಮೀನಿನಂತೆ ಓಡುವ ಸ್ಟ್ರೀಮರ್‌ಗೂ ಬರುತ್ತದೆ, ನಿಂಫ್‌ಗೂ ಬರುತ್ತದೆ. ಕಾಟ್ಲಾ ಮಾತ್ರ ನೀರು ಸೋಸಿ ತಿನ್ನುವ ಮೀನು, ಅದರ ಹಿಂದೆ ಬೀಳಬೇಡಿ.

ಗೆಂಡೆಗೆ 5 ಅಥವಾ 6 ನಂಬರಿನ ರಾಡ್ (ನಂಬರ್ ಹೆಚ್ಚಾದಷ್ಟು ಭಾರದ ಲೈನಿನದು), ಮಹಶೀರ್ ಇರುವ ಹೊಳೆಗೆ 8 ನಂಬರ್. ತೇಲುವ ಲೈನ್ ಒಂದೇ ಸಾಕು. ದುಡ್ಡು ಉಳಿಸಬೇಕು ಅಂದರೆ ರಾಡಿನಲ್ಲಿ ಉಳಿಸಿ, ಲೈನಿನಲ್ಲಿ ಬೇಡ. ಫ್ಲೈ ಫಿಶಿಂಗ್‌ನಲ್ಲಿ ದೂರಕ್ಕೆ ಹೋಗುವುದು ಲೈನಿನ ತೂಕದಿಂದ, ಕೊಕ್ಕೆಯ ತೂಕದಿಂದ ಅಲ್ಲ.

ಡ್ಯಾಂ ಕೆಳಗಿನ ಜೋರು ನೀರಿನಲ್ಲಿ ಬಹಳ ಜನ ದೂರಕ್ಕೆ ಎಸೆಯುತ್ತಾರೆ. ಮೀನು ಹತ್ತಿರದಲ್ಲೇ ಇರುತ್ತದೆ. ಜೋರಾಗಿ ಹರಿಯುವ ನೀರೂ ನಿಧಾನ ನೀರೂ ಸೇರುವ ಗೆರೆ ನೋಡಿ, ಮೇಲೆ ನೊರೆಯ ಸಾಲು ಕಾಣುತ್ತದೆ. ಬಂಡೆಯ ಹಿಂದೆ ಮಾತ್ರವಲ್ಲ, ಮುಂದೆಯೂ ಒಂದು ಸಣ್ಣ ನಿಧಾನದ ಜಾಗ ಇರುತ್ತದೆ. ಮಡು ಮುಗಿದು ನೀರು ತೆಳುವಾಗುವ ಬಾಲದ ಜಾಗ, ಹೊಂಗೆ ಮರ ಬಗ್ಗಿದ ದಡದ ಅಡಿ. ತಳದಲ್ಲಿ ನೀರಿನ ವೇಗ ಮೇಲಿಗಿಂತ ಕಡಿಮೆ, ಮೀನು ಅಲ್ಲಿ ಸುಮ್ನೆ ನಿಂತು ಮೇವು ಬರುವುದನ್ನು ಕಾಯುತ್ತದೆ. ನಿಮ್ಮ ನಿಂಫ್ ಅಲ್ಲಿಗೆ ಇಳಿಯಬೇಕು. ತಳದ ಕಲ್ಲಿಗೆ ಆಗಾಗ ತಾಗುತ್ತಿಲ್ಲ ಅಂದರೆ ಇನ್ನೂ ಭಾರದ್ದು ಕಟ್ಟಿ, ಸ್ವಲ್ಪ ಮೇಲಿನಿಂದ ಹಾಕಿ, ಲೈನ್ ಎಳೆಯದೆ ನೀರಿನ ವೇಗದಲ್ಲೇ ಬರಲು ಬಿಡಿ. ನಡುವೆ ಜೋರು ನೀರು ಲೈನನ್ನು ಎಳೆದರೆ ರಾಡ್ ತುದಿಯಿಂದ ಲೈನನ್ನು ಎತ್ತಿ ಮೇಲ್ಗಡೆಗೆ ಹಾಕಿಕೊಳ್ಳಿ.

ತಾತನ ರಾಗಿ ಮುದ್ದೆಯನ್ನು ಕೀಳಾಗಿ ನೋಡಬೇಡಿ. ಕಾವೇರಿಯ ದೊಡ್ಡ ಮಹಶೀರ್‌ಗಳನ್ನು ಹಿಡಿದು ಹೆಸರು ಮಾಡಿದವರೂ ರಾಗಿ ಮುದ್ದೆಯನ್ನೇ ಕಟ್ಟುತ್ತಿದ್ದರು. ತಾತ ಎಲ್ಲಿ ನಿಲ್ಲುತ್ತಿದ್ದರು ಅಂತ ಕೇಳಿ ತಿಳಿದುಕೊಳ್ಳಿ. ಆ ಜ್ಞಾನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಗೇಟ್ ಮುಚ್ಚಿದ ಮೇಲೆ ಕೆಳಗಿನ ಗುಂಡಿಗಳಲ್ಲಿ ಮೀನು ಸಿಕ್ಕಿಬಿದ್ದಿರುತ್ತವೆ. ಜನ ಓಡಿ ಹೋಗಿ ಬಾಚುತ್ತಾರೆ. ಮಳೆಗಾಲದಲ್ಲಿ ಡ್ಯಾಂ ಬುಡದಲ್ಲೇ ಮೀನು ಯಾಕಷ್ಟು ಸೇರುತ್ತವೆ? ಹಿಡಿದರೆ ತಪ್ಪೇನು? (ಅರಕಲಗೂಡಿನ ಓದುಗರು)

ನನಗೆ ಬಹಳ ನೋವು ಕೊಡುವ ವಿಷಯ ಇದು. ಮಹಶೀರ್ ಮತ್ತು ಗೆಂಡೆ ಜಾತಿಯ ಎಷ್ಟೋ ಮೀನುಗಳು ಮಳೆಗಾಲದಲ್ಲಿ ಹೊಳೆಯ ಮೇಲಕ್ಕೆ ಈಜುತ್ತವೆ, ಜೋರಾಗಿ ಹರಿಯುವ, ಗಾಳಿ ಬೆರೆತ ನೀರಿನಲ್ಲಿ ಕಲ್ಲುಗಳ ನಡುವೆ ಮೊಟ್ಟೆ ಇಡಲು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಹಿಂದೆ ಮೀನಿಗೆ ಆ ಕಡೆಗೆ ದಾರಿ ಇತ್ತು. 1979ರಲ್ಲಿ ಗೊರೂರು ಡ್ಯಾಂ ಮುಗಿದ ಮೇಲೆ ಆ ದಾರಿ ಅಲ್ಲಿಗೇ ನಿಂತಿತು. ಮೀನಿಗೆ ಅದು ಗೊತ್ತಿಲ್ಲ. ಹರಿವನ್ನು ಹಿಡಿದು ಬರುತ್ತದೆ, ಗೋಡೆ ಸಿಗುತ್ತದೆ, ಅಲ್ಲೇ ಸುತ್ತುತ್ತದೆ. ಡ್ಯಾಂ ಬುಡದಲ್ಲಿ ನಾವು ನೋಡುವ ರಾಶಿ ಮೀನು ಹೊಟ್ಟೆಯಲ್ಲಿ ಮೊಟ್ಟೆ ಇಟ್ಟುಕೊಂಡು ದಾರಿ ಹುಡುಕುತ್ತಿರುವ ಮೀನು. ಅದನ್ನು ಬಾಚಿದರೆ ಮುಂದಿನ ವರ್ಷದ ಮೀನನ್ನೂ ಬಾಚಿದ ಹಾಗೆ.

ಕಾವೇರಿ ಕಡೆಯವರು ಬಿಳಿಮೀನು ಅನ್ನುವ ಡುಬ್ಬದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹೇಮಾವತಿ ಕಾವೇರಿಗೆ ಸೇರುವ ಹೊಳೆ, ಇದನ್ನು ನಾವು ಮರೆಯಬಾರದು. ಮಹಶೀರ್ ಸಿಕ್ಕರೆ ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ, ಒದ್ದೆ ಕೈಯಲ್ಲಿ ಹಿಡಿದು, ಹರಿವಿಗೆ ಮುಖ ಮಾಡಿಸಿ, ಅದಾಗಿ ಈಜಿ ಹೋಗುವ ತನಕ ಕಾಯಿರಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿಬಿಟ್ಟಿದ್ದರೆ ಬಿಡಿಸುವುದು ಸುಲಭ.

ಗುಂಡಿಯಲ್ಲಿ ಸಿಕ್ಕಿಬಿದ್ದ ಮೀನಿನ ವಿಷಯಕ್ಕೆ ಬಂದರೆ, ಗೇಟನ್ನು ಒಮ್ಮೆಲೇ ಇಳಿಸದೆ ಹಂತ ಹಂತವಾಗಿ ಇಳಿಸಿದರೆ ಬಹಳಷ್ಟು ಮೀನು ತಾನೇ ಹೊಳೆಗೆ ವಾಪಸ್ ಹೋಗುತ್ತವೆ. ನಿಮ್ಮ ಊರಿನವರು ಸೇರಿ ಇದನ್ನು ಬರೆದು ಕೇಳಿ. ಗುಂಡಿಗೆ ಓಡುವವರಿಗೆ ಇನ್ನೊಂದು ಮಾತು ಹೇಳಿ: ಮುಚ್ಚಿದ ಗೇಟ್ ಮತ್ತೆ ಯಾವಾಗ ಏಳುತ್ತದೆ ಅಂತ ಅವರಿಗೆ ಯಾರೂ ಬಂದು ಹೇಳುವುದಿಲ್ಲ.

ನಿಮ್ಮ ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿ ಇದೆ. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ, ಶೃಂಗೇರಿಯ ತುಂಗೆಯಲ್ಲಿ ಇರುವ ಹಾಗೆ. ಹೋಗಿ ಮೆಟ್ಟಿಲ ಮೇಲೆ ಕೂತು ನೋಡಿ. ಮೀನು ಹರಿವಿನಲ್ಲಿ ಹೇಗೆ ನಿಲ್ಲುತ್ತದೆ, ಹೇಗೆ ಬಾಯಿ ತೆರೆಯುತ್ತದೆ, ನೆರಳು ಬಿದ್ದರೆ ಏನು ಮಾಡುತ್ತದೆ ಅಂತ ಕಲಿಯಲು ಗಾಳ ಹಾಕುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ಇಲ್ಲ.

ಪ್ರಶ್ನೆ: ಗೊರೂರು ಅಥವಾ ಭದ್ರಾ ಡ್ಯಾಂ ಕೆಳಗೆ ಟ್ರೌಟ್ ಮರಿ ಬಿಟ್ಟರೆ ಹೇಗೆ? ತಳದ ನೀರು ತಣ್ಣಗಿರುತ್ತದೆ ಅಲ್ವಾ? (ಚಿಕ್ಕಮಗಳೂರಿನ ಓದುಗರು)

ಬೇಡ. ಟ್ರೌಟ್‌ಗೆ 20 ಡಿಗ್ರಿಯೊಳಗಿನ ನೀರು ಬೇಕು, 25ರ ಹತ್ತಿರ ಹೋದರೆ ಬದುಕುವುದು ಕಷ್ಟ. ನಮ್ಮ ಹೊಳೆಯ ನೀರು ಡ್ಯಾಂ ಬುಡದಲ್ಲಿ ಸ್ವಲ್ಪ ತಣ್ಣಗಿದ್ದರೂ ಅಷ್ಟು ತಣ್ಣಗಿರುವುದಿಲ್ಲ, ಕೆಳಗೆ ಹೋದಂತೆ ಇನ್ನೂ ಕಾಯುತ್ತದೆ. ನೀಲಗಿರಿ, ಮುನ್ನಾರ್ ಎತ್ತರದಲ್ಲಿ, ಹಿಮಾಚಲ, ಕಾಶ್ಮೀರದಲ್ಲಿ ಅದು ನಿಂತಿರುವುದು ಅಲ್ಲಿನ ಚಳಿಯಿಂದ. ಬದುಕಿತು ಅಂತಲೇ ಇಟ್ಟುಕೊಂಡರೂ ನಮ್ಮ ಸಣ್ಣ ಮೀನುಗಳನ್ನು ತಿನ್ನುತ್ತದೆ. ಟ್ರೌಟ್ ಹಿಡಿಯುವ ಆಸೆ ಇದ್ದರೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ, ಲೈಸೆನ್ಸ್ ಪಡೆದು ಹಿಡಿಯಿರಿ.

ಪ್ರಶ್ನೆ: ನಮ್ಮಲ್ಲೂ ಲೈಸೆನ್ಸ್ ಬೇಕಾ? (ಬೇಲೂರಿನ ಓದುಗರು)

ಕೇಳದೆ ಹಾಕಬೇಡಿ. ಒಳನಾಡಿನ ನೀರಿನಲ್ಲಿ ಮೀನು ಹಿಡಿಯುವುದಕ್ಕೆ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ಕೆಲವು ಜಲಾಶಯ, ಕೆರೆಗಳ ಮೀನಿನ ಹಕ್ಕನ್ನು ಟೆಂಡರಿನಲ್ಲಿ ಕೊಟ್ಟಿರುತ್ತಾರೆ, ಅಲ್ಲಿ ಹಕ್ಕು ಪಡೆದವರ ಒಪ್ಪಿಗೆಯೂ ಬೇಕಾಗುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ ಜಾಗದ ಹೆಸರು ಹೇಳಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಡ್ಯಾಂ ಬುಡದಲ್ಲಿ ನಿಷೇಧದ ಬೋರ್ಡ್ ಇರುವ ಕಡೆ ಯಾವ ಲೈಸೆನ್ಸೂ ನಡೆಯುವುದಿಲ್ಲ. ಯಗಚಿಗೆ ಹೋಗುವುದಾದರೆ ಇನ್ನೊಂದು ವಿಚಾರಿಸಿಕೊಂಡು ಹೋಗಿ: ಮಳೆ ಕಡಿಮೆಯಾದ ವರ್ಷ ಡ್ಯಾಂ ಕೆಳಗೆ ನೀರೇ ಇರುವುದಿಲ್ಲ.